ರೆಕ್ಕೆ ಹರಿದ ಮೀನು, ಕಚ್ಚುವ ಮೀನು: ಅಕ್ವೇರಿಯಂ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಲೈಟ್ ಹಾಕಿ ನೋಡಿದರೆ ಏಂಜೆಲ್ ಮೀನಿನ ಬಾಲ ಅರ್ಧ ಇಲ್ಲ. ಹೆಚ್ಚಿನವರ ಕೈ ಹೋಗುವುದು ನೇರ ಔಷಧದ ಬಾಟಲಿಗೆ. ನೀಲಿ ಔಷಧ ಸುರಿದ ಮೇಲೆ ನೀರೂ ಕಾಣುವುದಿಲ್ಲ, ಕಚ್ಚಿದ ಮೀನೂ ಕಾಣುವುದಿಲ್ಲ. ಮೊದಲು ಕಚ್ಚಿದ್ದು ಯಾರೆಂದು ನೋಡಿ, ಆಮೇಲೆ ನೀರು ಪರೀಕ್ಷಿಸಿ. ಔಷಧದ ಸರದಿ ಮೂರನೆಯದು. ಕೆಳಗಿನ ಉತ್ತರಗಳು ಸಿಹಿನೀರಿನ ಟ್ಯಾಂಕಿನಲ್ಲಿ ನಾಲ್ಕಾರು ಜಾತಿಯ ಮೀನು ಒಟ್ಟಿಗೆ ಇಟ್ಟವರಿಗೆ. ಕರಾವಳಿಯ ಮತ್ತು ಘಟ್ಟದ ಮೇಲಿನ ನೀರಿಗೆ ಹೊಂದುವಂತೆ ಬರೆದಿದ್ದೇವೆ.

ಬಾಲ ಕಚ್ಚಿಸಿಕೊಂಡಿದ್ದೋ, ಕೊಳೆತಿದ್ದೋ? ತಿಳಿಯುವುದು ಹೇಗೆ?

ಅಂಚು ನೋಡಿ. ಕಚ್ಚಿದ್ದಾದರೆ ಬಿಸ್ಕೆಟ್ ಕಡಿದ ಹಾಗೆ ಅರ್ಧಚಂದ್ರಾಕಾರದ ತುಂಡು ಹೋಗಿರುತ್ತದೆ, ಅಂಚು ಸ್ವಚ್ಛವಾಗಿರುತ್ತದೆ. ರಾತ್ರಿ ಸರಿ ಇದ್ದದ್ದು ಬೆಳಿಗ್ಗೆಗೆ ಹೀಗಾಗಿರುತ್ತದೆ. ಒಂದೋ ಎರಡೋ ಮೀನಿಗೆ ಮಾತ್ರ, ಅದರಲ್ಲೂ ಉದ್ದ ರೆಕ್ಕೆಯವಕ್ಕೆ.

ಒರಟು ಕಲ್ಲಿಗೋ ಪ್ಲಾಸ್ಟಿಕ್ ಗಿಡಕ್ಕೋ ಸಿಕ್ಕಿ ಹರಿದದ್ದು ಗಾಳಿಗೆ ಸೀಳಿದ ಬಾಳೆಲೆಯ ಹಾಗೆ ಕಾಣುತ್ತದೆ. ರೆಕ್ಕೆಯ ಕಡ್ಡಿಗಳ ನಡುವೆ ಸೀಳಿರುತ್ತದೆ, ಆದರೆ ತುಂಡು ಕಳೆದಿರುವುದಿಲ್ಲ. ಇದು ಹೆಚ್ಚಾಗಿ ವಾರದೊಳಗೆ ತಾನೇ ಕೂಡಿಕೊಳ್ಳುತ್ತದೆ.

ಕೊಳೆ ರೋಗದಲ್ಲಿ ಅಂಚು ಬಿಳಿಯೋ ಕಪ್ಪೋ ಆಗಿ, ಕೆಲವೊಮ್ಮೆ ಕೆಂಪು ಗೆರೆ ಎದ್ದು, ದಿನಕ್ಕೆ ಸ್ವಲ್ಪ ಸ್ವಲ್ಪ ಕರಗುತ್ತಾ ಬುಡದ ಕಡೆ ಹೋಗುತ್ತದೆ. ಎರಡು ಮೂರು ಜಾತಿಯ ಮೀನಿಗೆ ಒಟ್ಟಿಗೆ ಬಂದರೆ ನೀರು ಕೆಟ್ಟಿದೆ ಎಂದೇ ಲೆಕ್ಕ. ಕಚ್ಚಿದ ಗಾಯಕ್ಕೇ ಕೊಳೆ ಹತ್ತುವುದೂ ಉಂಟು. ಆಗ ಎರಡೂ ಗುರುತು ಒಟ್ಟಿಗೆ ಕಾಣುತ್ತವೆ.

ಇನ್ನೊಂದು ಗುರುತನ್ನು ಮರೆಯಬೇಡಿ: ಬಾಯಿಯ ಸುತ್ತ ಬಿಳಿ ಹತ್ತಿಯಂಥದ್ದು, ಬೆನ್ನ ಮೇಲೆ ಜೀನು ಹೊದಿಸಿದ ಹಾಗೆ ಬಿಳಿಚಿದ ಪಟ್ಟೆ. ಇದು ಕಾಲಮ್ನಾರಿಸ್. ಬೂಸಲಿನಂತೆ ಕಂಡರೂ ಇದು ಬ್ಯಾಕ್ಟೀರಿಯಾ. ಬೆಚ್ಚಗಿನ ನೀರಿನಲ್ಲಿ ಬಲು ಬೇಗ ಹರಡುತ್ತದೆ. ಕಾರವಾರದ ಬೇಸಿಗೆಯ 30 ಡಿಗ್ರಿ ನೀರಿನಲ್ಲಿ ಒಂದೆರಡು ದಿನದಲ್ಲೇ ಮೀನು ಹೋಗಬಹುದು. ಇದಕ್ಕೆ ಹೀಟರ್ ಏರಿಸುವುದು ತಪ್ಪು.

ಕಚ್ಚುವ ಮೀನನ್ನು ಪತ್ತೆ ಮಾಡುವುದು ಹೇಗೆ? ಎದುರು ಕೂತು ನೋಡಿದರೆ ಯಾವುದೂ ಕಚ್ಚುವುದಿಲ್ಲ.

ನೀವು ಎದುರು ಕೂತದ್ದೇ ಕಾರಣ. ಮನುಷ್ಯರನ್ನು ಕಂಡರೆ ಮೀನಿಗೆ ಊಟದ ನೆನಪು. ಎಲ್ಲವೂ ಗಾಜಿಗೆ ಬಂದು ಮೂತಿ ತಾಗಿಸುತ್ತವೆ, ಜಗಳ ಅಲ್ಲಿಗೆ ನಿಲ್ಲುತ್ತದೆ. ಫೋನನ್ನು ಸ್ಟೂಲಿನ ಮೇಲೆ ಒರಗಿಸಿ, ವಿಡಿಯೋ ಹಾಕಿ, 20 ನಿಮಿಷ ಆಚೆ ಹೋಗಿ. ಬೆಳಿಗ್ಗೆ ಲೈಟ್ ಹಾಕಿದ ಮೊದಲ ಅರ್ಧ ಗಂಟೆ, ಊಟ ಹಾಕಿದ ನಂತರದ ಹತ್ತು ನಿಮಿಷ, ಈ ಎರಡು ಹೊತ್ತಿನ ವಿಡಿಯೋ ಸಾಕು.

ವಿಡಿಯೋ ನೋಡುವಾಗ ಅಟ್ಟುವುದನ್ನೂ ಕಚ್ಚುವುದನ್ನೂ ಬೇರೆ ಮಾಡಿ ನೋಡಿ. ಗುಂಪಿನ ಮೀನುಗಳು ಒಂದನ್ನೊಂದು ಅಟ್ಟುತ್ತಲೇ ಇರುತ್ತವೆ, ಅದು ಅವುಗಳ ದಿನಚರಿ. ಅಟ್ಟಿದ ಮೀನು ನಾಲ್ಕು ಇಂಚಿನಲ್ಲಿ ನಿಂತು ತಿರುಗಿದರೆ ಚಿಂತೆ ಬೇಡ. ಟ್ಯಾಂಕಿನ ಆ ತುದಿಯವರೆಗೂ ಹಿಂಬಾಲಿಸಿ ಬಾಲಕ್ಕೆ ಬಾಯಿ ಹಾಕಿದರೆ ಅದೇ ಕಳ್ಳ. ಪುಂಡ ಮೀನಿನ ರೆಕ್ಕೆ ಸಾಮಾನ್ಯವಾಗಿ ಪೂರ್ತಿ ಇರುತ್ತದೆ. ಪೆಟ್ಟು ತಿನ್ನುವುದು ಫಿಲ್ಟರ್ ಪೈಪಿನ ಹಿಂದೆ, ಮೇಲಿನ ಮೂಲೆಯಲ್ಲಿ, ರೆಕ್ಕೆ ಮುದುಡಿಕೊಂಡು ನಿಂತಿರುತ್ತದೆ.

ಅಂಗಡಿಯಲ್ಲಿ "ಎಲ್ಲಾ ಒಟ್ಟಿಗೆ ಇರ್ತವೆ" ಅಂದರು. ಯಾವುದರ ಜೊತೆ ಯಾವುದು ಆಗುವುದಿಲ್ಲ?

ಒಟ್ಟಿಗೆ ಇರುತ್ತವೆ, ಅಂಗಡಿಯಲ್ಲಿರುವ ನಾಲ್ಕು ದಿನ. ಮರಿ ವಯಸ್ಸಿನಲ್ಲಿ, ಕಿಕ್ಕಿರಿದ ತೊಟ್ಟಿಯಲ್ಲಿ ಯಾವ ಮೀನಿಗೂ ಗಡಿ ಹಾಕಿಕೊಳ್ಳಲು ಜಾಗ ಇರುವುದಿಲ್ಲ. ಮನೆಗೆ ಬಂದು ಎರಡು ತಿಂಗಳಾದ ಮೇಲೆ ನಿಜ ಸ್ವಭಾವ ಹೊರಬರುತ್ತದೆ.

ಟೈಗರ್ ಬಾರ್ಬ್, ಸೆರ್ಪೆ ಟೆಟ್ರಾ, ವಿಡೋ ಟೆಟ್ರಾ ಉದ್ದ ರೆಕ್ಕೆ ಕಂಡರೆ ಸುಮ್ಮನಿರುವುದಿಲ್ಲ. ಬಣ್ಣ ಹಾಕಿ ಗುಲಾಬಿ, ಹಸಿರು ಮಾಡಿ ಮಾರುವುದೂ ಈ ವಿಡೋ ಟೆಟ್ರಾವನ್ನೇ. ಏಂಜೆಲ್, ಬೆಟ್ಟಾ, ಗಂಡು ಗಪ್ಪಿ, ಗೌರಾಮಿ, ಗೋಲ್ಡ್ ಫಿಶ್ ಇವುಗಳ ಜೊತೆ ಇವನ್ನು ಇಡಬೇಡಿ. ನಿಧಾನ ಈಜುವ, ಜೋಲು ಬಾಲದ ಮೀನು ಇವಕ್ಕೆ ಆಟದ ಸಾಮಾನು.

ಏಂಜೆಲ್ ಸ್ವತಃ ಸಾಧುವೇನಲ್ಲ. ದೊಡ್ಡದಾದ ಮೇಲೆ ನಿಯಾನ್ ಟೆಟ್ರಾವನ್ನು ನುಂಗುತ್ತದೆ. ಜೋಡಿಯಾಗಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ತನ್ನದೆನ್ನುತ್ತದೆ. ಗಪ್ಪಿ, ಮಾಲಿ, ಪ್ಲಾಟಿಗಳಲ್ಲಿ ಕಷ್ಟ ಹೆಣ್ಣಿಗೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು, ಇಲ್ಲದಿದ್ದರೆ ಅಟ್ಟಿ ಅಟ್ಟಿಯೇ ಸಾಯಿಸುತ್ತವೆ. ಗಂಡು ಬೆಟ್ಟಾ ಒಂದೇ ಒಂದು. ಕೆಂಪು ಬಾಲದ ಕರಿ ಶಾರ್ಕೂ ಒಂದೇ ಒಂದು. ಫ್ಲವರ್‌ಹಾರ್ನ್, ಆಸ್ಕರ್ ಇವು ಹಲವು ಜಾತಿ ಒಟ್ಟಿಗಿರುವ ಕಮ್ಯೂನಿಟಿ ಟ್ಯಾಂಕಿನ ಮೀನೇ ಅಲ್ಲ.

ಬರೀ "ಶಾರ್ಕ್" ಎಂದು ಮೂರು ಇಂಚಿನದ್ದನ್ನು ಕೊಟ್ಟರೆ ಅದು ಬಹುತೇಕ ಪಂಗಾಸಿಯಸ್. ಮಾಂಸಕ್ಕೆ ಕೆರೆಯಲ್ಲಿ ಸಾಕುವ ಜಾತಿ, ಮೀಟರ್ ಉದ್ದ ದಾಟುತ್ತದೆ. ಕಚ್ಚುವ ಸ್ವಭಾವದ್ದಲ್ಲ, ಆದರೆ ಬೆದರಿ ಗಾಜಿಗೆ ನುಗ್ಗಿ ತನ್ನ ಮೂತಿ ಒಡೆದುಕೊಳ್ಳುತ್ತದೆ, ಬಾಯಿಗೆ ಹಿಡಿಯುವುದನ್ನೆಲ್ಲ ನುಂಗುತ್ತದೆ.

ಇನ್ನು ಎಲ್ಲರ ಮನೆಯ, ಗಾಜಿಗೆ ಅಂಟಿ ಪಾಚಿ ತಿನ್ನುವ ಸಕ್ಕರ್. ದೊಡ್ಡದಾದ ಸಕ್ಕರ್ ರಾತ್ರಿ ಹೊತ್ತು ಗೋಲ್ಡ್ ಫಿಶ್ಶಿನ ಮೈಗೆ ಅಂಟಿ ಲೋಳೆ ಹೀರುವುದುಂಟು. ರೆಕ್ಕೆ ಸರಿ ಇದ್ದು ಪಕ್ಕೆಯಲ್ಲಿ ರೂಪಾಯಿಯಂಥ ಹುಣ್ಣು ಕಂಡರೆ ಲೈಟ್ ಆರಿಸಿದ ಒಂದು ಗಂಟೆಯ ಮೇಲೆ ಟಾರ್ಚ್ ಹಾಕಿ ನೋಡಿ. ಪಾಚಿ ಮಾತ್ರ ತಿಂದು ಬದುಕಲಿ ಎಂದು ಬಿಟ್ಟರೆ ಹೀಗಾಗುತ್ತದೆ. ರಾತ್ರಿ ಒಂದು ಹೋಳು ಬೇಯಿಸಿದ ಸೌತೆಕಾಯಿ ಹಾಕಿ.

ನಾಲ್ಕು ಟೈಗರ್ ಬಾರ್ಬ್ ಇವೆ. ಎರಡನ್ನು ಯಾರಿಗಾದರೂ ಕೊಟ್ಟರೆ ಜಗಳ ಕಡಿಮೆಯಾದೀತೇ?

ಹೆಚ್ಚಾಗುತ್ತದೆ. ಈ ಜಾತಿಗೆ ಮೇಲು ಕೀಳಿನ ಲೆಕ್ಕ ಗುಂಪಿನೊಳಗೇ ಮುಗಿಯಬೇಕು. ಎಂಟು ಹತ್ತು ಇದ್ದರೆ ಒಂದನ್ನೊಂದು ಅಟ್ಟಿಕೊಂಡು ಹೊತ್ತು ಕಳೆಯುತ್ತವೆ. ಎರಡೇ ಇದ್ದರೆ ಆ ಕೋಪವೆಲ್ಲ ಪಕ್ಕದ ಗೌರಾಮಿಯ ಮೇಲೆ. 24 ಇಂಚಿನ ಟ್ಯಾಂಕಿನಲ್ಲಿ ಎಂಟು ಇಡುವುದೇ ಕಷ್ಟ, ಮೂರಡಿಯದ್ದು ಬೇಕು. ಅಷ್ಟು ಜಾಗ ಇಲ್ಲದಿದ್ದರೆ ನಾಲ್ಕನ್ನೂ ಕೊಟ್ಟುಬಿಡಿ.

ಜಗಳ ಇವತ್ತೇ ನಿಲ್ಲಬೇಕು. ಏನು ಮಾಡಲಿ?

ಗಾಯಗೊಂಡದ್ದನ್ನು ಎತ್ತಿ ಬೇರೆ ಇಟ್ಟರೆ ಪುಂಡ ಮೀನು ನಾಳೆ ಇನ್ನೊಂದನ್ನು ಹಿಡಿಯುತ್ತದೆ. ಎತ್ತಬೇಕಾದ್ದು ಪುಂಡನನ್ನು. ಮರಿ ಹಾಕಿಸುವ ಬಲೆಪೆಟ್ಟಿಗೆ ಅಥವಾ ತೂತು ಮಾಡಿದ ಡಬ್ಬಿಯಲ್ಲಿ ಅದೇ ಟ್ಯಾಂಕಿನೊಳಗೆ 3–4 ದಿನ ಕೂರಿಸಿ. ಅಷ್ಟರಲ್ಲಿ ಒಳಗಿನ ಕಲ್ಲು, ಮರದ ತುಂಡು, ಗಿಡಗಳ ಜಾಗ ಪೂರ್ತಿ ಬದಲಿಸಿ. ಹೊರಗೆ ಬಿಟ್ಟಾಗ ಅದಕ್ಕೆ ತನ್ನ ಹಳೆಯ ಗಡಿ ಸಿಗುವುದಿಲ್ಲ, ಹೊಸಬನಂತೆ ಅಳುಕಿ ಶುರು ಮಾಡುತ್ತದೆ. ಬಿಡುವುದು ಸಂಜೆ, ಲೈಟ್ ಆರಿಸಿದ ಮೇಲೆ.

ನೋಟಕ್ಕೆ ಅಡ್ಡ ಹಾಕುವುದೂ ಮುಖ್ಯ. ಒಂದು ತುದಿಯಲ್ಲಿ ನಿಂತ ಮೀನಿಗೆ ಇನ್ನೊಂದು ತುದಿ ಕಾಣಬಾರದು. ಅಡ್ಡಲಾಗಿ ಎರಡು ಕಡೆ ಎತ್ತರದ ಗಿಡ, ಅಡಗಲು ಮೂರು ನಾಲ್ಕು ಕಡೆ ಜಾಗ ಇರಲಿ. ಅರ್ಧ ಕರಟ ಇದಕ್ಕೆ ಬಹಳ ಚೆನ್ನ. ನಾರು ಪೂರ್ತಿ ಕೆರೆದು, ಬಾಯಿಗೆ ಬಾಗಿಲು ಕತ್ತರಿಸಿ, ಅಂಚು ಉಜ್ಜಿ, ಅರ್ಧ ಗಂಟೆ ಕುದಿಸಿ, ನೀರು ಬದಲಿಸುತ್ತಾ ಒಂದು ವಾರ ನೆನೆಸಿ. ಕೊಬ್ಬರಿ ಒಂಚೂರೂ ಉಳಿಯಬಾರದು, ಉಳಿದರೆ ನೀರಿಗೆ ಎಣ್ಣೆ ಬಿಡುತ್ತದೆ. ಊಟವನ್ನು ಎರಡು ತುದಿಯಲ್ಲಿ ಒಟ್ಟಿಗೆ ಹಾಕಿ.

ಒಂದು ವಾರದ ಮೇಲೂ ಅದೇ ಮೀನು ಅದೇ ಕೆಲಸ ಮಾಡಿದರೆ ಅದಕ್ಕೆ ಬೇರೆ ಮನೆ ನೋಡುವುದೇ ದಾರಿ.

ಸಮುದ್ರದ ಚಿಪ್ಪು, ಚಿರೇಕಲ್ಲು ಒಳಗೆ ಹಾಕಬಹುದೇ?

ಚಿರೇಕಲ್ಲು ಬೇಡ. ಮೈಯೆಲ್ಲ ತೂತು, ಚೂಪು ಅಂಚು, ಕೆಂಪು ಪುಡಿ ಉದುರುತ್ತದೆ. ಮಾಜಾಳಿಯಲ್ಲೋ ಓಂ ಬೀಚಿನಲ್ಲೋ ಆರಿಸಿದ ಶಂಖದ ಮುರಿದ ಅಂಚು ಬ್ಲೇಡಿನಂತೆ ಇರುತ್ತದೆ. ಹೊಳೆಯ ನುಣುಪು ಕಲ್ಲು ಕುದಿಸಿ ಹಾಕಿ. ಚಿಪ್ಪಿಗೆ ಬೇರೊಂದು ಉಪಯೋಗವಿದೆ, ನೀರಿನ ಪ್ರಶ್ನೆಯಲ್ಲಿ ಹೇಳುತ್ತೇವೆ.

ರೆಕ್ಕೆಯ ಗಾಯದ ಚಿಕಿತ್ಸೆಗೆ ಉಪ್ಪು ಎಷ್ಟು? ಸಾಣಿಕಟ್ಟಾ ಉಪ್ಪು ನಡೆಯುತ್ತದೆಯೇ?

ನಡೆಯುತ್ತದೆ. ಗೋಕರ್ಣದ ಹತ್ತಿರದ ಗದ್ದೆಗಳ ಈ ಹರಳುಪ್ಪು ಸ್ವಲ್ಪ ಕೆಸರು ಬಣ್ಣದ್ದು. ಬಕೆಟ್ಟಿನ ನೀರಿನಲ್ಲಿ ಕರಗಿಸಿ ಒಂದು ಗಂಟೆ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಬಸಿದು ಬಳಸಿ. ಅಯೋಡಿನ್ ಉಪ್ಪಿನಿಂದ ಮೀನು ಸಾಯುತ್ತದೆ ಎನ್ನುವ ಮಾತಿಗೆ ಬಲವಿಲ್ಲ. ಈ ಪ್ರಮಾಣದಲ್ಲಿ ಅದರೊಳಗಿನ ಅಯೋಡಿನ್ ತೀರಾ ಅಲ್ಪ. ಆದರೂ ಹರಳುಪ್ಪು ಅಗ್ಗ, ಕೈಗೆ ಸಿಗುತ್ತದೆ.

ಚಮಚದ ಲೆಕ್ಕ ಬಿಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಹರಳಿನ ಚಮಚಕ್ಕೂ ಪುಡಿಯ ಚಮಚಕ್ಕೂ ತೂಕ ಬೇರೆ. ಟೆಟ್ರಾ, ಕೋರಿ, ಲೋಚ್‌ಗಳಿಗೆ ಲೀಟರಿಗೆ 1 ಗ್ರಾಂ ದಾಟಬೇಡಿ. ಬಾರ್ಬ್, ಏಂಜೆಲ್, ಗೌರಾಮಿಗೆ 2 ಗ್ರಾಂ. ಗಪ್ಪಿ, ಮಾಲಿ, ಗೋಲ್ಡ್ ಫಿಶ್ 3 ಗ್ರಾಂವರೆಗೆ ತಡೆಯುತ್ತವೆ. 7ರಿಂದ 10 ದಿನ ಸಾಕು. ಒಂದೇ ಸಲ ಸುರಿಯದೆ, 12 ಗಂಟೆ ಅಂತರದಲ್ಲಿ ಎರಡು ಕಂತು ಮಾಡಿ.

ಟ್ಯಾಂಕಿನ ಲೀಟರ್ ತಿಳಿಯಲು ಉದ್ದ, ಅಗಲ, ಎತ್ತರದ ಇಂಚುಗಳನ್ನು ಗುಣಿಸಿ 61ರಿಂದ ಭಾಗಿಸಿ. 24×12×12 ಅಂದರೆ ಸುಮಾರು 56 ಲೀಟರ್. ಜಲ್ಲಿ ಮತ್ತು ಮೇಲಿನ ಖಾಲಿ ಜಾಗ ಕಳೆದರೆ ನೀರು 45 ಲೀಟರ್ ಆಸುಪಾಸು. ಅಂಗಡಿಯ ಲೆಕ್ಕದ 56 ಹಿಡಿದರೆ ಔಷಧವೂ ಉಪ್ಪೂ ಹೆಚ್ಚಾಗುತ್ತದೆ.

ಉಪ್ಪು ಆವಿಯಾಗುವುದಿಲ್ಲ. ನೀರು ಆರಿ ಇಳಿದರೆ ಬರೀ ನೀರು ತುಂಬಿ. ನೀರು ತೆಗೆದು ಬದಲಿಸಿದರೆ ಮಾತ್ರ, ತೆಗೆದಷ್ಟಕ್ಕೆ ಉಪ್ಪು ಸೇರಿಸಿ. ಗಿಡ ಇರುವ ಮುಖ್ಯ ಟ್ಯಾಂಕಿಗೆ ಉಪ್ಪು ಹಾಕಬೇಡಿ, ಹಲವು ಗಿಡಗಳು ಸೊರಗುತ್ತವೆ.

ಚಿಕಿತ್ಸೆಯ ಟಬ್ ಹೇಗೆ ಮಾಡುವುದು?

20 ಲೀಟರಿನ ಪ್ಲಾಸ್ಟಿಕ್ ಟಬ್, ಸೋಪು ಕಾಣದ್ದು. ಅದರಲ್ಲಿ ಒಂದು ಸ್ಪಂಜ್ ಫಿಲ್ಟರ್, ಗಾಳಿ ಪಂಪು, ಅಡಗಲು ಎರಡು ಇಂಚಿನ ಪಿವಿಸಿ ಪೈಪಿನ ತುಂಡು, ಮೇಲೆ ಬಲೆ. ಜಲ್ಲಿ ಬೇಡ. ಸ್ಪಂಜನ್ನು ಮೊದಲೇ ಮುಖ್ಯ ಟ್ಯಾಂಕಿನ ಮೂಲೆಯಲ್ಲಿ ಓಡಿಸಿಟ್ಟಿದ್ದರೆ, ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ತೆಗೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರುತ್ತದೆ. ಹೊಸ ಸ್ಪಂಜ್ ಮೊದಲ ವಾರಗಳಲ್ಲಿ ಅಮೋನಿಯಾ ತೆಗೆಯುವುದಿಲ್ಲ, ದಿನಾ ನೀರು ಬದಲಿಸಿಯೇ ಅದನ್ನು ತೆಗೆಯಬೇಕು.

ಟಬ್ಬಿಗೆ ಮುಖ್ಯ ಟ್ಯಾಂಕಿನ ನೀರನ್ನೇ ತುಂಬಿ. ಲೀಟರಿಗೆ 2 ಗ್ರಾಂನಂತೆ 20 ಲೀಟರಿಗೆ 40 ಗ್ರಾಂ ಉಪ್ಪು (ಟೆಟ್ರಾ, ಕೋರಿ, ಲೋಚ್ ಆದರೆ ಇಲ್ಲಿನ ಲೆಕ್ಕದ ಅರ್ಧ). ದಿನಕ್ಕೆ 8 ಲೀಟರ್ ತೆಗೆದು 8 ಲೀಟರ್ ಹೊಸ ನೀರು, ಅದರಲ್ಲಿ 16 ಗ್ರಾಂ ಉಪ್ಪು ಕರಗಿಸಿ. ಹರಿದ ರೆಕ್ಕೆಯ ಮೀನನ್ನು ನೈಲಾನ್ ಬಲೆಯಲ್ಲಿ ಎತ್ತಬೇಡಿ. ಪಾರದರ್ಶಕ ಮಗ್ ಮುಳುಗಿಸಿ, ಬಲೆಯನ್ನು ಹಿಂದಿನಿಂದ ಬೆದರಿಸಲು ಮಾತ್ರ ಬಳಸಿ, ಮಗ್ಗಿನೊಳಗೆ ಹೋಗುವಂತೆ ಮಾಡಿ. ಊಟ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು.

ಮೂರು ನಾಲ್ಕು ದಿನಕ್ಕೆ ಕೊಳೆ ನಿಲ್ಲದಿದ್ದರೆ, ಅಥವಾ ಬುಡಕ್ಕೆ ಬಂದಿದ್ದರೆ, ಆಗ ಔಷಧ. ಮೆಥಿಲೀನ್ ಬ್ಲೂ ಬೂಸಲಿಗೆ ಒಳ್ಳೆಯದು, ಬಾಟಲಿಯ ಮೇಲಿನ ಅಳತೆಯಂತೆ, ಟಬ್ಬಿನಲ್ಲಿ ಮಾತ್ರ. ಇದು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಸಿಲಿಕಾನ್ ಅಂಟನ್ನು ಖಾಯಂ ನೀಲಿ ಮಾಡುತ್ತದೆ.

ರೆಕ್ಕೆ ಮತ್ತೆ ಬರುತ್ತದೆಯೇ? ಅಂಚು ಬೆಳ್ಳಗಾಗಿದೆ, ರೋಗವೇ?

ಬುಡ ಉಳಿದಿದ್ದರೆ ಬರುತ್ತದೆ. ಮೊದಲ ವಾರದೊಳಗೆ ಅಂಚಿಗೆ ಗಾಜಿನಂಥ ತೆಳು ಪೊರೆ ಕಾಣುತ್ತದೆ. ಪೂರ್ತಿ ಬೆಳೆಯಲು ಎರಡರಿಂದ ಆರು ವಾರ, ಬಣ್ಣ ಅದಕ್ಕೂ ನಿಧಾನ. ಈ ಹೊಸ ಪೊರೆಯನ್ನೇ ಕೊಳೆ ಎಂದುಕೊಂಡು ಮತ್ತೆ ಔಷಧ ಸುರಿಯುವವರು ಬಹಳ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ: ಹೊಸ ಬೆಳೆ ಪಾರದರ್ಶಕ, ನೇರ ಅಂಚು, ದಿನೇ ದಿನೇ ಹೊರಗೆ ಹೋಗುತ್ತದೆ. ಕೊಳೆ ಮಬ್ಬು ಬಿಳಿ, ಎಳೆ ಎಳೆ, ಒಳಗೆ ಬರುತ್ತದೆ. ಎರಡು ದಿನಕ್ಕೊಮ್ಮೆ ಒಂದೇ ಕೋನದಿಂದ ಫೋಟೋ ತೆಗೆದಿಟ್ಟರೆ ಅನುಮಾನವೇ ಇರುವುದಿಲ್ಲ. ಬಾಲದ ಮಾಂಸದ ಬುಡವೇ ಹೋಗಿದ್ದರೆ ಆ ಭಾಗ ಬೆಳೆಯುವುದಿಲ್ಲ. ಕೆಲವು ಕಡ್ಡಿ ಸೊಟ್ಟಗೆ ಬೆಳೆದರೂ ಈಜಿಗೆ ತೊಂದರೆಯಿಲ್ಲ.

ಯಾವ ಮೀನೂ ಕಚ್ಚುತ್ತಿಲ್ಲ, ಆದರೂ ರೆಕ್ಕೆ ಕರಗುತ್ತಿದೆ. ನಮ್ಮ ಬಾವಿ ನೀರಿನದೇ ತೊಂದರೆಯೇ?

ಆಗಿರಬಹುದು. ಪರೀಕ್ಷಾ ಕಿಟ್ ತಂದು ನೋಡಿ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40ರ ಒಳಗೆ. ಮೊದಲ ಎರಡರಲ್ಲಿ ಏನಾದರೂ ಕಂಡರೆ ಆ ದಿನವೇ ಮೂರನೇ ಒಂದು ಭಾಗ ನೀರು ಬದಲಿಸಿ (ಪಿಎಚ್ 6ರ ಆಸುಪಾಸಿಗೆ ಇಳಿದಿದ್ದರೆ ಕೆಳಗೆ ಹೇಳಿದಂತೆ ಮೆಲ್ಲಗೆ).

ಶಿರಸಿ, ಸಿದ್ದಾಪುರ, ಯಲ್ಲಾಪುರದ ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಕುಡಿಯಲು ಸಿಹಿ. ಟ್ಯಾಂಕಿನಲ್ಲಿ ಮಾತ್ರ ಹುಳಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮೀನಿನ ಹೊಲಸು ಕೊಳೆತಂತೆ ಪಿಎಚ್ ಇಳಿಯುತ್ತಾ 6ರ ಆಸುಪಾಸಿಗೆ ಬಂದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಬಹುಮಟ್ಟಿಗೆ ನಿಲ್ಲಿಸುತ್ತದೆ. ಆಗ ಹೆದರಿ ಅಡುಗೆ ಸೋಡಾ ಸುರಿಯಬೇಡಿ. ಹುಳಿ ನೀರಿನಲ್ಲಿ ಹೆಚ್ಚು ಅಪಾಯವಿಲ್ಲದ ರೂಪದಲ್ಲಿದ್ದ ಅಮೋನಿಯಾ, ಪಿಎಚ್ ಏರಿದ ಕೂಡಲೇ ವಿಷವಾಗುತ್ತದೆ. ರಾತ್ರಿ ಸೋಡಾ, ಬೆಳಿಗ್ಗೆ ಎಲ್ಲ ಮೀನು ತೇಲುವುದು ಹೀಗೆ. ದಿನಕ್ಕೆ 10–15 ಶೇಕಡಾ ನೀರು ಬದಲಿಸುತ್ತಾ ಮೆಲ್ಲಗೆ ಸರಿಪಡಿಸಿ. ಖಾಯಂ ಉಪಾಯಕ್ಕೆ ಬಳಚಿನ ಚಿಪ್ಪು ಇದೆ: ಒಳಗಿನ ಮಾಂಸ ಪೂರ್ತಿ ಹೋಗುವಂತೆ ಕುದಿಸಿ, ಒಣಗಿಸಿ, ಕುಟ್ಟಿ, 50 ಲೀಟರಿಗೆ ಒಂದು ಹಿಡಿಯಷ್ಟನ್ನು ಸಣ್ಣ ಬಲೆ ಚೀಲದಲ್ಲಿ ಫಿಲ್ಟರಿನೊಳಗೆ ಇಡಿ. ನೀರು ಹುಳಿಯಾದಷ್ಟೇ ಕರಗುತ್ತದೆ.

ಕರಾವಳಿಯ ತೊಂದರೆ ಬೇರೆ. ಸಮುದ್ರ, ಹಿನ್ನೀರಿನ ಪಕ್ಕದ ಬಾವಿಗಳು ಏಪ್ರಿಲ್–ಮೇನಲ್ಲಿ ಸವಳಾಗುತ್ತವೆ. ಅದೇ ನೀರನ್ನು ಟ್ಯಾಂಕಿಗೆ ಹಾಕುತ್ತಿದ್ದರೆ ಚಿಕಿತ್ಸೆಗೆ ಹಾಕುವ ಉಪ್ಪಿನ ಲೆಕ್ಕವೇ ತಪ್ಪುತ್ತದೆ. ನಾಲಿಗೆಗೆ ಉಪ್ಪು ತಾಗಿದರೆ ಬೇರೆ ನೀರು ನೋಡಿ. ಮಳೆಗಾಲದ ಶುರುವಿಗೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಎಲ್ಲ ಕಡೆಯ ರೂಢಿ. ಕ್ಲೋರಿನ್ ರೆಕ್ಕೆಯ ಅಂಚು, ಕಿವಿರು ಎರಡನ್ನೂ ಸುಡುತ್ತದೆ. ಹಾಕಿದ ವಾರ ಆ ನೀರು ಬೇಡ, ಅನಿವಾರ್ಯವಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿ ಪಂಪು ಓಡಿಸಿ 24 ಗಂಟೆ ಇಟ್ಟು, ಆಂಟಿ-ಕ್ಲೋರಿನ್ ಹಾಕಿಯೇ ಬಳಸಿ.

ತೋಟಕ್ಕೆ ಕೊಳೆ ಔಷಧಿ ಹೊಡೆದ ದಿನ ಮೀನು ಸತ್ತವು. ಸಂಬಂಧ ಇದೆಯೇ?

ಇರಬಹುದು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರ ಮೀನಿಗೆ, ಅದರಲ್ಲೂ ಮೆದು ಹುಳಿ ನೀರಿನಲ್ಲಿ, ತೀರಾ ಕಡಿಮೆ ಪ್ರಮಾಣದಲ್ಲೇ ವಿಷ. ಸೀಗಡಿ, ಬಸವನಹುಳುಗಳು ಇನ್ನೂ ಮೊದಲು ಹೋಗುತ್ತವೆ. ಔಷಧಿ ಕಲಸಿದ ಬಕೆಟ್, ಡ್ರಮ್, ಪೈಪು ಎಷ್ಟು ತೊಳೆದರೂ ಅಕ್ವೇರಿಯಂ ಕೆಲಸಕ್ಕೆ ಬೇಡ. ತೋಟದ ಬದಿಯ ತೆರೆದ ಬಾವಿಯ ನೀರನ್ನು ಔಷಧಿ ಹೊಡೆದ ದಿನಗಳಲ್ಲಿ ಹಾಕಬೇಡಿ, ಎರಡು ಬಕೆಟ್ ಮೊದಲೇ ತುಂಬಿಸಿಡಿ. ಆ ತೋಟದ ಎರೆಹುಳವನ್ನೂ ತಿನ್ನಿಸಬೇಡಿ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ.

ಆ ದಿನ ಊಟ ಹಾಕಬೇಡಿ. ದೊಡ್ಡ ಮೀನು ಮೂರು ದಿನ ಉಪವಾಸ ಸುಲಭವಾಗಿ ತಡೆಯುತ್ತದೆ. ಬ್ಯಾಟರಿಯ ಗಾಳಿ ಪಂಪಿಗೆ ಸ್ಪಂಜ್ ಫಿಲ್ಟರ್ ಜೋಡಿಸಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮಗ್ಗಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯಿರಿ. ಮುಚ್ಚಿದ ಫಿಲ್ಟರ್ ನಾಲ್ಕೈದು ಗಂಟೆ ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಕೂಡಲೇ ಚಾಲೂ ಮಾಡದೆ ಆ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಿನಲ್ಲೇ ಹಿಂಡಿ, ಆಮೇಲೆ ಹಾಕಿ. ಹೆಚ್ಚು ಹೊತ್ತು ಕರೆಂಟ್ ಹೋದ ನಾಲ್ಕೈದು ದಿನದ ಮೇಲೆ ರೆಕ್ಕೆ ಕೊಳೆ ಬಂತೆಂದರೆ ಮೂಲ ಇಲ್ಲೇ ಇರುವುದು ಹೆಚ್ಚು.

ಅರಿಶಿನ, ಟೆಟ್ರಾಸೈಕ್ಲಿನ್ ಮಾತ್ರೆ, ಬಾದಾಮಿ ಎಲೆ: ಯಾವುದು ಒಳ್ಳೆಯದು?

ಅರಿಶಿನ ನಮ್ಮ ಗಾಯಕ್ಕೆ ಸರಿ. ಅದು ನೀರಿನಲ್ಲಿ ಕರಗುವುದಿಲ್ಲ, ಪುಡಿ ಕಿವಿರಿಗೆ ಕೂರುತ್ತದೆ, ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಮೆಡಿಕಲ್ ಶಾಪಿನ ಮಾತ್ರೆಯೂ ಬೇಡ: ಗಡಸು ನೀರಿನಲ್ಲಿ ಟೆಟ್ರಾಸೈಕ್ಲಿನ್ ಸುಣ್ಣದಂಶಕ್ಕೆ ಅಂಟಿ ನಿಷ್ಫಲ, ಮೆದು ನೀರಿನಲ್ಲಿ ಫಿಲ್ಟರಿಗೇ ಪೆಟ್ಟು.

ಕಾಡುಬಾದಾಮಿ ಎಲೆಗೆ ನಮ್ಮ ಮತ ಇದೆ. ತಾನಾಗಿ ಉದುರಿ ಕಂದಾದ ಎಲೆ, ರಸ್ತೆ ಬದಿಯದ್ದಲ್ಲ, ತೊಳೆದು 40–50 ಲೀಟರಿಗೆ ಒಂದು. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೆಟ್ಟಾ, ಗೌರಾಮಿ, ಟೆಟ್ರಾಗಳಿಗೆ ಹಿತ. ಇದು ಗಾಯಕ್ಕೆ ನೆರವು, ಏರಿದ ಕೊಳೆಗೆ ಮದ್ದಲ್ಲ. ಪಿಎಚ್ ಇಳಿಸುತ್ತದೆ, ಘಟ್ಟದ ಮೇಲಿನವರು ಅರ್ಧ ಎಲೆಯಿಂದ ಶುರು ಮಾಡಿ.

ಪುಂಡ ಮೀನನ್ನು ಕಾಳಿ ಹೊಳೆಗೆ ಬಿಟ್ಟರೆ?

ಬೇಡವೇ ಬೇಡ. ಕೆರೆಗೂ ಬೇಡ, ಬಾವಿಗೂ ಬೇಡ. ಸಕ್ಕರ್, ತಿಲಾಪಿಯಾದಂಥವು ಒಮ್ಮೆ ಹೊರಗಿನ ನೀರಿನಲ್ಲಿ ನೆಲೆ ನಿಂತರೆ ತೆಗೆಯಲು ಆಗುವುದಿಲ್ಲ. ಅಂಗಡಿಗೆ ವಾಪಸ್ ಕೊಡಿ, ದುಡ್ಡು ಕೇಳದಿದ್ದರೆ ಹೆಚ್ಚಿನವರು ತೆಗೆದುಕೊಳ್ಳುತ್ತಾರೆ.

ಉಳಿಯುವುದಿಲ್ಲ ಎಂದು ಗೊತ್ತಾದರೆ?

ಮಗುಚಿ ಬಿದ್ದು, ಊಟ ಬಿಟ್ಟು, ಬಾಲದ ಬುಡದ ಮಾಂಸ ಹೋಗಿದ್ದರೆ ನರಳಿಸಬೇಡಿ. ಲವಂಗದ ಎಣ್ಣೆ 0.4 ಮಿಲಿಯನ್ನು ಸಣ್ಣ ಬಾಟಲಿಯ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನಂತಾಗುವವರೆಗೆ ಕುಲುಕಿ, 1 ಲೀಟರ್ ಟ್ಯಾಂಕ್ ನೀರಿಗೆ ಸೇರಿಸಿ, ಮೀನನ್ನು ಬಿಡಿ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಶೌಚಾಲಯಕ್ಕೆ ಹಾಕಿ ನೀರು ಬಿಡುವುದು, ಫ್ರೀಜರಿನಲ್ಲಿಡುವುದು ಎರಡೂ ಹಿಂಸೆ.

ವಾಸಿಯಾದ ಮೀನನ್ನು ಮತ್ತೆ ಯಾವಾಗ ಬಿಡಬಹುದು?

ಪೂರ್ತಿ ಬಾಲ ಬರುವವರೆಗೆ ಕಾಯಬೇಕಿಲ್ಲ. ಅಂಚು ಮುಚ್ಚಿ ಪೊರೆ ಬೆಳೆಯುತ್ತಿದ್ದು, ರೆಕ್ಕೆ ಬಿಚ್ಚಿ ಈಜಿ, ಊಟಕ್ಕೆ ಓಡಿ ಬಂದರೆ ಸಾಕು. ಮೂರು ದಿನ ಮೊದಲಿನಿಂದ ಉಪ್ಪಿಲ್ಲದ ನೀರು ಹಾಕುತ್ತಾ ಉಪ್ಪು ಇಳಿಸಿ. ಸಂಜೆ ಒಳಗಿರುವ ಮೀನುಗಳಿಗೆ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ, ಒಂದೆರಡು ಕಲ್ಲು ಸರಿಸಿ, ಆಮೇಲೆ ಬಿಡಿ. ಮರುದಿನ ಬೆಳಿಗ್ಗೆ ಲೈಟ್ ಹಾಕುವ ಮೊದಲು ಫೋನನ್ನು ಮತ್ತೆ ಸ್ಟೂಲಿನ ಮೇಲೆ ಒರಗಿಸಿಡಿ.